ಅಪ್ಪನ ಯೆಜ್ಡಿ

ಅಪ್ಪನ ಯೆಜ್ಡಿ ಹುಟ್ಟಿದ್ದು ಮೈಸೂರಿನಲ್ಲಿ, ದುಡಿದದ್ದು ದಾವಣಗೆರೆ–ಹರಿಹರ ರಸ್ತೆಯಲ್ಲಿ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತುಗಳಿಗೆ ಹೆಸರಾಗಿತ್ತು. ಅಪ್ಪ ಅಲ್ಲಿಗೆ ಪಾಳಿಗೆ ಹೋಗುತ್ತಿದ್ದುದು ಈ ಗಾಡಿಯಲ್ಲೇ. 1961ರಿಂದ ಗಾಡಿ ತಯಾರಿಸಿದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಆಮೇಲೆ ಕಿರ್ಲೋಸ್ಕರ್ ಕೂಡ ಮುಚ್ಚಿತು.

ಅಪ್ಪ ಹೋದ ಮೇಲೆ ‘ಗುಜರಿಗೆ ಹಾಕಿ’ ಎಂದವರೇ ಹೆಚ್ಚು. “ನಿಮ್ಮನ್ನೆಲ್ಲ ಓದ್ಸಿದ್ದು ಇದೇ ಗಾಡಿ, ಹೆಂಗ್ ಕೊಡ್ಲಿ?” ಎಂದಳು ಅವ್ವ. ಹಾಗಾಗಿ ರಿಪೇರಿ ನನ್ನ ಪಾಲಿಗೆ ಬಂತು.

ಹಳೆಯ ಗಾಡಿಯಲ್ಲಿ ಮೊದಲು ಕೈಕೊಡುವುದು ರಬ್ಬರು. ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಇಳಿಯುವ ಪೈಪು ಒಣಗಿ ಸೀಳುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯ ಭಯ. ಎಂಜಿನ್ ತಣಿದ ಮೇಲೆ ಕಾಕ್ ಮುಚ್ಚಿ, ಹಳೆಯದನ್ನು ಕಿತ್ತು, ಪೆಟ್ರೋಲಿಗೆಂದೇ ಬರುವ ಹೊಸ ಪೈಪನ್ನು ಮಡಿಕೆ ಬೀಳದಂತೆ ಕೊನೆತನಕ ತೂರಿಸಿ ಕ್ಲಿಪ್ ಬಿಗಿಯಬೇಕು. ಏರ್ ಫಿಲ್ಟರಿನ ರಬ್ಬರೂ ಸರಿಯಾಗಿ ಕೂರಬೇಕು, ಇಲ್ಲವಾದರೆ ದೂಳು ಒಳಹೋಗುತ್ತದೆ. ಆಮೇಲೆ ಕಾಕ್ ತೆರೆದು, ಬೆರಳಿಗೆ ಪಸೆ ತಾಗದಿದ್ದರೆ ಮಾತ್ರ ಕಿಕ್ ಹೊಡೆಯಬೇಕು. ಕುಕ್ಕರಿಗೆ ಗ್ಯಾಸ್ಕೆಟ್ ಕೂರಿಸುವ ನಮ್ಮ ಕೈಗೆ ಇದೇನು ಮಹಾ!

2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು. ಹೊಸ ಗಾಡಿಗೆ ಕಾರ್ಬ್ಯುರೇಟರೇ ಇಲ್ಲ. ನಮ್ಮದಕ್ಕೆ ಇದೆ. ಅದನ್ನು ಬಲ್ಲ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಅದಕ್ಕೇ ಈಗ ಮಗಳಿಗೂ ಕಲಿಸುತ್ತಿದ್ದೇನೆ.