ಅಮೆಯ ಕೋಣೆ ಮತ್ತು ಸಿರಿಯ ಸಂಧಿ: ತುಳುನಾಡಿನ ಬಾಣಂತನದ ಚರಿತ್ರೆ

ಬಂಗಾಡಿಯ ಬಂಗರು, ವೇಣೂರಿನ ಅಜಿಲರು, ಮೂಡುಬಿದಿರೆಯ ಚೌಟರು ಎಂಬ ಜೈನ ಅರಸುಮನೆತನಗಳ ಚರಿತ್ರೆಯನ್ನು ಬಸದಿ, ಶಾಸನಗಳಿಂದ ಮತ್ತು 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟನಂಥ ಕುರುಹುಗಳಿಂದ ಕಟ್ಟಿಕೊಳ್ಳುವುದು ರೂಢಿಯಾಗಿದ್ದರೂ, ಈ ಮನೆತನಗಳ ಪಟ್ಟ ತಂದೆಯಿಂದ ಮಗನಿಗಲ್ಲದೆ ಮಾವನಿಂದ ಸೋದರಿಯ ಮಗನಿಗೆ ಬರುತ್ತಿದ್ದುದರಿಂದ, ಅವುಗಳ ಮುಂದುವರಿಕೆ ಮನೆಯ ಹೆಣ್ಣುಮಕ್ಕಳ ಹೆರಿಗೆಯನ್ನೇ ನೆಚ್ಚಿತ್ತು. ಆಸ್ತಿ ಮತ್ತು ಕುಲ ತಾಯಿಯ ಕಡೆಯಿಂದ ಸಾಗುವ ಈ ಪದ್ಧತಿಯೇ ಅಳಿಯಸಂತಾನ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬಂಟರು, ಜೈನರು, ಬಿಲ್ಲವರೇ ಮೊದಲಾದ ಹಲವು ಸಮುದಾಯಗಳು ಇದನ್ನು ಪಾಲಿಸಿದವು. ಈ ಪದ್ಧತಿಯ ಹುಟ್ಟನ್ನು ಹೇಳುವ ಭೂತಾಳ ಪಾಂಡ್ಯನ ಐತಿಹ್ಯದಲ್ಲಿ, ಕುಂಡೋದರನೆಂಬ ಭೂತ ಬಲಿ ಕೇಳಿದಾಗ ಅರಸನ ಹೆಂಡತಿ ತನ್ನ ಮಗನನ್ನು ಕೊಡಲೊಪ್ಪುವುದಿಲ್ಲ, ಸೋದರಿ ತನ್ನ ಮಗನನ್ನು ಒಪ್ಪಿಸುತ್ತಾಳೆ, ಅದಕ್ಕಾಗಿ ರಾಜ್ಯವೇ ಅವಳ ಸಂತತಿಗೆ ಸಲ್ಲುತ್ತದೆ. ಮಗುವನ್ನು ಬಿಟ್ಟುಕೊಡಲಾರದ ತಾಯಿಯನ್ನು ತಪ್ಪಿತಸ್ಥೆಯಂತೆ ಕಾಣುವ ಈ ಕಥೆ ತಾಯ್ತನವನ್ನು ಮನೆತನದ ಲೆಕ್ಕದಲ್ಲಷ್ಟೇ ಅಳೆಯುತ್ತದೆ ಎಂಬುದನ್ನು ಮರೆಯಲಾಗದು.

ಹುಟ್ಟುವ ಮಗು ತಾಯಿಯ ‘ಬಳಿ’ಗೆ, ಅಂದರೆ ತಾಯಿಯ ಕಡೆಯ ಕುಲಕ್ಕೆ ಸೇರುತ್ತಿದ್ದುದರಿಂದ ಹೆರಿಗೆ ತಾಯಿಮನೆಯಲ್ಲೇ ಆಗುವುದು ಇಲ್ಲಿ ಸಹಜವಾಗಿತ್ತು. ‘ಬಯಕೆ’ ಎಂದು ಕರೆಯುವ ಸೀಮಂತ ಮುಗಿಸಿ ತಾಯಿಮನೆಗೆ ಬಂದವಳಿಗೆ ಹೆರಿಗೆಯ ನಂತರ ಎಣ್ಣೆ ತಿಕ್ಕಿ, ಬಚ್ಚಲಿನ ಹಂಡೆಯಲ್ಲಿ ಕಾಯಿಸಿದ ಬಿಸಿನೀರನ್ನು ಸೊಂಟಕ್ಕೆ ರಭಸದಿಂದ ಹೊಯ್ದು, ಹೊಟ್ಟೆಗೆ ಬಟ್ಟೆ ಬಿಗಿದು, ಕರಿಮೆಣಸು, ಬೆಳ್ಳುಳ್ಳಿ, ಓಮ, ಬೆಲ್ಲಗಳ ಮದ್ದು ತಿನ್ನಿಸಿ, ಸುಮಾರು ನಲವತ್ತು ದಿನ ಹೊರಗೆಲಸದಿಂದ ದೂರವಿಡುತ್ತಿದ್ದರು. ಈ ಆರೈಕೆಯ ಮೌಲ್ಯ ದೊಡ್ಡದು. ಆದರೆ ಕುಡಿಯುವ ನೀರಿಗೂ ಮಿತಿ ಹಾಕಿದ ಪಥ್ಯ, ಹೊಗೆ ತುಂಬಿದ ಕತ್ತಲ ಕೋಣೆ, ಹೆತ್ತವಳ ದುಗುಡವನ್ನು ಗಾಳಿ ಸೋಂಕೆಂದು ತಿಳಿದು ತಾಯಿತ ಕಟ್ಟುವ ನಂಬಿಕೆ ಇವೂ ಅದೇ ಆರೈಕೆಯ ಭಾಗಗಳಾಗಿದ್ದವು.

ಹೆರಿಗೆಯಿಂದ ಮನೆಗೆ ತಗಲುವ ಮೈಲಿಗೆಯನ್ನು ತುಳುವಿನಲ್ಲಿ ‘ಅಮೆ’ ಎನ್ನುತ್ತಾರೆ. ಜಾತಿಯಿಂದ ಜಾತಿಗೆ ಅದರ ದಿನಗಳು ಬೇರೆಯಾಗುತ್ತಿದ್ದವು. ಮಡಿವಾಳ ಸಮುದಾಯದ ಹೆಣ್ಣು ಶುಭ್ರವಾದ ಬಟ್ಟೆ ತಂದುಕೊಟ್ಟ ಮೇಲೆಯೇ ಅದು ಕಳೆಯುತ್ತಿತ್ತು. ಮೈಲಿಗೆಯನ್ನು ತೊಳೆಯುವ ಕೆಲಸ ಹೀಗೆ ಒಂದು ಜಾತಿಯ ಪಾಲಿಗೆ ಬಂದರೆ, ಹೆರಿಗೆಯ ಅಪಾಯವನ್ನೇ ಮೈಮೇಲೆ ಹೊರುವ ಕೆಲಸವನ್ನು ಕೊರಗ ಸಮುದಾಯದ ಮೇಲೆ ಹೇರಲಾಗಿತ್ತು. ಗರ್ಭಿಣಿಯ ಕೂದಲು, ಉಗುರುಗಳನ್ನು ಅನ್ನದಲ್ಲಿ ಕಲಸಿ ಕೊರಗರಿಗೆ ತಿನ್ನಿಸಿದರೆ ಅವಳ ಕಂಟಕ ಅವರಿಗೆ ದಾಟುತ್ತದೆಂಬ ನಂಬಿಕೆ ‘ಅಜಲು’ ಎಂಬ ಅಮಾನುಷ ಪದ್ಧತಿಯ ಅಂಗವಾಗಿತ್ತು. ಇದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ತಂದದ್ದು 2000ದಲ್ಲಿ ಎಂಬುದು ನಾಚಿಕೆಪಡಬೇಕಾದ ಸಂಗತಿ.

ಇಷ್ಟೆಲ್ಲ ವಿಧಿಗಳ ನಡುವೆ ಹೆತ್ತವಳ ಸ್ವಂತ ಸಂಕಟಕ್ಕೆ ಮಾತು ಕೊಟ್ಟದ್ದು ಪಾಡ್ದನ, ಅಂದರೆ ತುಳುವಿನ ಮೌಖಿಕ ಕಥನಕಾವ್ಯ; ಅದರಲ್ಲಿಯೂ ‘ಸಿರಿ ಸಂಧಿ’. ಗರ್ಭಿಣಿ ಸಿರಿಯ ಬಯಕೆಗೆಂದು ಗಂಡ ಕಾಂತು ಪೂಂಜ ತರುವ ಸೀರೆಯನ್ನು ದಾರಿಯಲ್ಲಿ ಸಿದ್ದು ಎಂಬ ಸೂಳೆ ಉಟ್ಟುಬಿಟ್ಟಿದ್ದಳೆಂಬುದನ್ನು ಅರಿತ ಸಿರಿ, ನೆರೆದವರ ಎದುರಿನಲ್ಲೇ ಅದನ್ನು ನಿರಾಕರಿಸುತ್ತಾಳೆ. ಮಗ ಕುಮಾರ ಹುಟ್ಟಿದ ಬೆನ್ನಿಗೇ ಅವಳನ್ನು ಸಾಕಿದ ಅಜ್ಜ ಬೆರ್ಮು ಆಳ್ವ ತೀರಿಕೊಳ್ಳುತ್ತಾನೆ. ಸತ್ಯನಾಪುರದ ಅರಮನೆ ತನ್ನದೆಂದು ದಾಯಾದಿ ಹಕ್ಕು ಹೂಡುತ್ತಾನೆ. ಊರಿನ ನ್ಯಾಯಸಭೆ ಅವನ ಕಡೆಗೆ ವಾಲುತ್ತದೆ. ಹಸುಗೂಸನ್ನೂ ದಾಸಿ ದಾರುವನ್ನೂ ಕಟ್ಟಿಕೊಂಡು ಸಿರಿ ಮನೆ ಬಿಡುತ್ತಾಳೆ, ಗಂಡನನ್ನೂ ಬಿಡುತ್ತಾಳೆ, ದಾರಿಯಲ್ಲಿ ಮಗನನ್ನು ‘ಮಾಯ’ಕ್ಕೆ, ಅಂದರೆ ಕಣ್ಣಿಗೆ ಕಾಣದ ಲೋಕಕ್ಕೆ ಕಳುಹಿಸುತ್ತಾಳೆ, ಎರಡನೆಯ ಮದುವೆಯಲ್ಲಿ ಸೊನ್ನೆಯೆಂಬ ಮಗಳನ್ನು ಹೆತ್ತು ತಾನೂ ಮಾಯವಾಗುತ್ತಾಳೆ. ಭೂತಾಳ ಪಾಂಡ್ಯನ ಐತಿಹ್ಯದ ಸೋದರಿ ಮಗನನ್ನು ಕೊಟ್ಟು ರಾಜ್ಯ ಪಡೆದರೆ, ಸಿರಿ ಮಗನನ್ನು ಹೆತ್ತೂ ಮನೆ ಕಳೆದುಕೊಳ್ಳುತ್ತಾಳೆ. ಅಳಿಯಸಂತಾನ ಹೆಣ್ಣಿಗೆ ಕೊಟ್ಟ ಹಕ್ಕು ಆಚರಣೆಯಲ್ಲಿ ಎಷ್ಟು ಸಡಿಲವಾಗಿತ್ತೆಂಬುದನ್ನು ಯಾವ ಶಾಸನಕ್ಕಿಂತಲೂ ಸ್ಪಷ್ಟವಾಗಿ ಈ ಕಾವ್ಯ ಹೇಳುತ್ತದೆ. ನಾಟಿಯ ಗದ್ದೆಯಲ್ಲಿ ಪಾಡ್ದನಗಳನ್ನು ಹಾಡುತ್ತಿದ್ದ ಹೆಣ್ಣಾಳುಗಳಿಗೆ ಭೂಮಾಲೀಕರ ಮನೆಯ ನಲವತ್ತು ದಿನಗಳ ಬಿಡುವು ದಕ್ಕುವಂಥದ್ದಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ, ಬಂಟ್ವಾಳ ತಾಲೂಕಿನ ಪುಣಚದವರಾದ ಬಿ. ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡ ಮೊದಲಾದವರು 1990ರಲ್ಲಿ ದಾಖಲಿಸಿದರು; 15,683 ಸಾಲುಗಳ ಆ ಪಠ್ಯ 1998ರಲ್ಲಿ ಅಚ್ಚಾಯಿತು.

ನೆರೆಯ ಕಾಸರಗೋಡಿನ ಸಾರಾ ಅಬೂಬಕ್ಕರ್ ತಮ್ಮ ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ಯಲ್ಲಿ, ತಂದೆಗೂ ಗಂಡನಿಗೂ ನಡುವೆ ಸಿಕ್ಕಿ ಹಸುಗೂಸಿನಿಂದ ಅಗಲುವ ನಾದಿರಾಳ ಕಥೆ ಹೇಳಿದಾಗ, ಹೆತ್ತವಳ ಹಕ್ಕೇನು ಎಂಬ ಸಿರಿಯ ಪ್ರಶ್ನೆಯೇ ಬೇರೊಂದು ಸಮುದಾಯದೊಳಗಿಂದ ಮತ್ತೆ ಕೇಳಿಬಂತು.

1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ತೆರೆದು, 1974ರ ಭೂಸುಧಾರಣೆ ಗೇಣಿಯ ಆದಾಯವನ್ನು ಕೊನೆಗಾಣಿಸಿದ ಮೇಲೆ, ಬಾಣಂತಿಯ ಸುತ್ತ ಹತ್ತು ಕೈಗಳಿದ್ದ ದೊಡ್ಡ ಮನೆಗಳು ಒಡೆದವು. ಹೆರಿಗೆ ಆಸ್ಪತ್ರೆಗೆ ಸಾಗಿದ್ದರಿಂದ ತಾಯಂದಿರ ಜೀವ ಉಳಿಯಿತು. ಇದು ನಿಸ್ಸಂದೇಹವಾಗಿ ದೊಡ್ಡ ಗಳಿಕೆ. ಆದರೆ ಮನೆಯಲ್ಲೇ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು 1966ರ ಬೀಡಿ ಕಾರ್ಮಿಕರ ಕಾಯ್ದೆ ಹೇಳಿದ್ದರೂ, ಕಟ್ಟಿದ ಬೀಡಿಗಷ್ಟೇ ಕೂಲಿ ಹುಟ್ಟುವಲ್ಲಿ ಬಾಣಂತನದ ದಿನಗಳು ಮೊಟಕಾಗುವುದು ತಪ್ಪಲಿಲ್ಲ. ಸಿರಿಯ ಸಂಧಿಗೆ ದೊರೆತ ದಾಖಲಾತಿಯ ಶ್ರದ್ಧೆ ಈ ಊರುಗಳ ಸೂಲಗಿತ್ತಿಯರಿಗೂ, ಬಾಣಂತಿಗೆ ನೀರು ಹೊಯ್ದ ಮುದುಕಿಯರಿಗೂ ದೊರೆಯಬೇಕು. ಅವರಲ್ಲಿ ಬದುಕಿರುವವರ ಮಾತನ್ನು ಸ್ಥಳೀಯ ಕಾಲೇಜುಗಳೂ ಜಾನಪದ ವಿದ್ವಾಂಸರೂ ಈಗಲೇ ಧ್ವನಿಮುದ್ರಿಸಿಕೊಳ್ಳಬೇಕು.