ಸೋಲಾಪುರದ ಸೆಟ್ಲಮೆಂಟ್

ಸೋಲಾಪುರವೆಂದರೆ ಸೊನ್ನಲಿಗೆಯ ಸಿದ್ಧರಾಮನನ್ನು, ಅಕ್ಕಲಕೋಟೆಯೆಂದರೆ ಸ್ವಾಮಿ ಸಮರ್ಥರನ್ನು ನೆನೆಯುವ ನಾವು ಇದೇ ನಗರದ ಸೆಟ್ಲಮೆಂಟನ್ನು ನೆನೆಯುವುದು ವಿರಳ.

1871ರಲ್ಲಿ ಬ್ರಿಟಿಷ್ ಸರಕಾರವು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಅನೇಕ ಅಲೆಮಾರಿ ಜನಾಂಗಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಎಣಿಸಿತು. 1911ರಲ್ಲಿ ಪರಿಷ್ಕೃತಗೊಂಡು ಅದು ಮುಂಬಯಿ ಪ್ರಾಂತಕ್ಕೂ ಹಬ್ಬಿತು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿದ್ದಂತೆ ಸೋಲಾಪುರದಲ್ಲಿಯೂ ಕೈಕಾಡಿ, ಪಾರಧಿ ಮೊದಲಾದವರನ್ನು ತಂತಿಬೇಲಿಯೊಳಗೆ ಇರಿಸಲಾಯಿತು. ನಿತ್ಯ ಹಾಜರಿ ಕೊಡಬೇಕು. ಪರವಾನಗಿಯಿಲ್ಲದೆ ಹೊರಗೆ ಹೋಗುವಂತಿಲ್ಲ. ಅವರ ದುಡಿಮೆ ಮಾತ್ರ ನಗರದ ಬಟ್ಟೆ ಗಿರಣಿಗಳಿಗೆ ಬೇಕಾಗಿತ್ತು.

1952ರ ಆಗಸ್ಟ್ 31ರಂದು ಕಾಯಿದೆಯು ದೇಶದಾದ್ಯಂತ ರದ್ದಾಯಿತು. ಅವರು 'ವಿಮುಕ್ತ'ರೆನಿಸಿದರು. 'ಸೆಟ್ಲಮೆಂಟ್ ಫ್ರೀ ಕಾಲನಿ' ಎಂಬ ವಿಳಾಸ ಮಾತ್ರ ಇಂದಿಗೂ ಉಳಿದಿದೆ.

ನಾವು ಶಿಕ್ಷಕರಾಗಿದ್ದಾಗ ತರಗತಿಯಲ್ಲಿ ಒಮ್ಮೆ ಪೆನ್ನೊಂದು ಕಾಣೆಯಾಯಿತು. ಎಲ್ಲ ಮಕ್ಕಳ ಕಣ್ಣು ಆ ವಸತಿಯ ಬಾಲಕನತ್ತ ತಿರುಗಿತು; ನಮ್ಮ ಕಣ್ಣೂ ತಿರುಗಿತು. ಪೆನ್ನು ಕಳೆದುಕೊಂಡವನ ಚೀಲದ ತಳದಲ್ಲಿಯೇ ಸಿಕ್ಕಿತು. ಆ ಬಾಲಕನ ಕ್ಷಮೆಯನ್ನು ಅಂದು ಕೇಳಲಿಲ್ಲವೆಂಬ ಕೊರಗು ನಮ್ಮಲ್ಲಿ ಈಗಲೂ ಇದೆ.

ನಮ್ಮೂರಿನ ಚರಿತ್ರೆಯನ್ನು ಮಕ್ಕಳಿಗೆ ಹೇಳುವಾಗ ಈ ವಸತಿಯ ಕಥೆಯನ್ನೂ ಹೇಳೋಣ.