ಕತ್ತರಿಯ ಗುಟ್ಟು

ಸೂಜಿ ಹಿಡಿಯಲು ಬರುವವರಿಗೆ ಹಳೆಯ ಯೂರೋಪಿನಲ್ಲಿ ಬರವೇನೂ ಇರಲಿಲ್ಲ. ಅಂಗಿ, ಒಳಲಂಗ, ಕೂಸಿನ ಬಟ್ಟೆ, ಹಾಸು ಹೊದಿಕೆ ಎಲ್ಲವೂ ಮನೆಯ ಹೆಂಗಸರ ಕೈಯಲ್ಲೇ ಆಗುತ್ತಿದ್ದವು. ಮೈಗೆ ಅಂಟಿ ಕೂರುವ ಕೋಟು, ಕುಪ್ಪಸದ ಮಾತು ಬಂದಾಗ ಮಾತ್ರ ಕತ್ತರಿ ದರ್ಜಿಯ ಪಾಲು. ಎಲ್ಲಿ ಮಡಚಬೇಕು, ಎಲ್ಲಿ ವಾರೆ ತೆಗೆಯಬೇಕು ಎಂಬುದನ್ನು ದರ್ಜಿಗಳ ಸಂಘಗಳು ಶಿಷ್ಯರಿಗೆ ವರ್ಷಗಟ್ಟಲೆ ದುಡಿಸಿಕೊಂಡು ಹೇಳಿಕೊಡುತ್ತಿದ್ದವು. ಹೊರಗಿನವರಿಗೆ ಬಾಯಿ ಬಿಡುತ್ತಿರಲಿಲ್ಲ. ಇವತ್ತು ಕಚೇರಿ ಕೆಲಸ ಮುಗಿಸಿ ಬಂದು, ಊಟದ ಮೇಜಿನ ಮೇಲೆ ಹದಿನೆಂಟನೇ ಶತಮಾನದ ಗೌನು ಕತ್ತರಿಸುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. ನಾಳೆ ಕೆಲಸಕ್ಕೆ ತೊಡುವ ಸ್ಕರ್ಟನ್ನೂ ಅದೇ ಮೇಜಿನ ಮೇಲೆ ಹೊಲಿದುಕೊಳ್ಳುತ್ತಾರೆ. ಆ ಕತ್ತರಿ ಅವರ ಕೈ ಸೇರಿದ ಬಗೆಯೇ ಈ ಹವ್ಯಾಸದ ಅರ್ಧ ಚರಿತ್ರೆ.

1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಆನ್ ದೆ ಅಲ್ಸೆಗಾ ಎಂಬ ದರ್ಜಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಪುಟ ತೆರೆದರೆ ಒಂದು ಆಯತ. ಅದು ಬಟ್ಟೆಯ ಪನ್ನ. ಅದರೊಳಗೆ ತೋಳು, ಬೆನ್ನು, ಎದೆಯ ಭಾಗಗಳನ್ನು ಮೂಲೆಯೂ ಖಾಲಿ ಉಳಿಯದಂತೆ ಒತ್ತರಿಸಿ ಜೋಡಿಸಿದ ನಕ್ಷೆ. ಅಗಲ ಪನ್ನದ ಉಣ್ಣೆಯಾದರೆ ಎಷ್ಟು ಬೇಕು, ಕಿರಿದಾದ ರೇಷ್ಮೆಯಾದರೆ ಎಷ್ಟು ಬೇಕು ಎಂಬ ಲೆಕ್ಕದ ಕೋಷ್ಟಕಗಳೂ ಉಂಟು. ಹೊಲಿಯುವ ಕ್ರಮದ ಬಗ್ಗೆ ಮಾತ್ರ ಚಕಾರವಿಲ್ಲ. ಓದುವವನು ದರ್ಜಿಯೇ ಆಗಿರುತ್ತಾನೆ, ಅದೆಲ್ಲ ಅವನಿಗೆ ತಿಳಿದೇ ಇರುತ್ತದೆ ಎಂಬ ಭರವಸೆ ಅಲ್ಸೆಗಾನಿಗೆ ಇದ್ದಿರಬೇಕು. ಅವನ ತಲೆಬಿಸಿ ಒಂದೇ: ಬಟ್ಟೆ ಹಾಳಾಗಬಾರದು.

ಅಳತೆ ಪಟ್ಟಿಯೂ ಆಗ ಈಗಿನಂತಿರಲಿಲ್ಲ. ಅಂಗುಲ ಗುರುತಿನ ಟೇಪು ದರ್ಜಿಯ ಕೊರಳಿಗೆ ಬಿದ್ದದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ. ಅದಕ್ಕೂ ಮೊದಲು ಒಬ್ಬೊಬ್ಬ ಗಿರಾಕಿಗೆ ಒಂದೊಂದು ಉದ್ದನೆಯ ಕಾಗದದ ಪಟ್ಟಿ. ಎದೆಸುತ್ತಿಗೆ ಒಂದು ಕಚ್ಚು, ತೋಳಿನ ಉದ್ದಕ್ಕೆ ಒಂದು ಕಚ್ಚು, ಸೊಂಟಕ್ಕೆ ಇನ್ನೊಂದು. ಫ್ರಾನ್ಸಿನ ಗಾರ್ಸೋ 1769ರಲ್ಲಿ ಪ್ರಕಟಿಸಿದ ದರ್ಜಿ ವಿದ್ಯೆಯ ಪುಸ್ತಕದಲ್ಲಿ ಈ ಪಟ್ಟಿಯ ವಿವರಣೆ ಇದೆ. ಅಂಕಿಯೇ ಇಲ್ಲದ ಅಳತೆ. ನಮ್ಮಲ್ಲಿ ಈಗಲೂ ಹೊಸ ಬ್ಲೌಸ್ ಪೀಸಿನ ಜತೆ ಅಳತೆಗೆಂದು ಹಳೆಯ ಬ್ಲೌಸನ್ನು ಟೈಲರ್ ಅಂಗಡಿಗೆ ಕೊಟ್ಟು ಬರುವವರಿಗೆ ಇದು ವಿಚಿತ್ರ ಅನ್ನಿಸಲಾರದು.

ಪನ್ನದ ಬಗ್ಗೆ ಇಷ್ಟೊಂದು ಜಿಪುಣತನ ಯಾಕೆಂದರೆ, ಆ ಕಾಲದಲ್ಲಿ ಬಟ್ಟೆ ದುಬಾರಿ, ಕೂಲಿ ಅಗ್ಗ. ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಒಂದು ರೇಷ್ಮೆ ಗೌನಿಗೆ ಕೊಟ್ಟ ಹಣದಲ್ಲಿ ಹೊಲಿದವಳ ಪಾಲು ತೀರ ಸಣ್ಣದು, ಮಿಕ್ಕಿದ್ದೆಲ್ಲ ನೇಯ್ಗೆಯದು. ರೇಷ್ಮೆಯ ಪನ್ನ ಸುಮಾರು 20 ಅಂಗುಲವಷ್ಟೇ ಇರುತ್ತಿದ್ದರಿಂದ ಒಂದು ಗೌನಿಗೆ ಹದಿನೈದಿಪ್ಪತ್ತು ಗಜ ಬೇಕಾಗುತ್ತಿತ್ತು. ಆದ್ದರಿಂದ ಬೆನ್ನಿನ ಮೇಲೆ ನೆರಿಗೆಯಾಗಿ ಬರುವ ಬಟ್ಟೆಗೆ ಕತ್ತರಿ ತಾಗಿಸುತ್ತಿರಲಿಲ್ಲ, ಮಡಚಿ ಹೊಲಿಯುತ್ತಿದ್ದರು. ಫ್ಯಾಷನ್ ಬದಲಾದರೆ ಹೊಲಿಗೆ ಬಿಚ್ಚಿ ಹೊಸ ಗೌನು. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಆ ಕಾಲದ ಎಷ್ಟೋ ಗೌನುಗಳಲ್ಲಿ ಹಳೆಯ ನೆರಿಗೆಯ ಗೆರೆ, ಬಿಚ್ಚಿದ ದಾರದ ತೂತುಗಳು ಬರಿಗಣ್ಣಿಗೇ ಕಾಣುತ್ತವೆ.

ಈ ಲೆಕ್ಕಾಚಾರವನ್ನು ಮನೆಯೊಳಗಿಂದ ನೋಡಬೇಕಾದರೆ ಬಾರ್ಬರಾ ಜಾನ್ಸನ್ನಳ ಪುಸ್ತಕ ತೆರೆಯಬೇಕು. ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗಳು ಈಕೆ. ಮದುವೆಯಾಗಲಿಲ್ಲ. 1746ರಲ್ಲಿ, ಇನ್ನೂ ಎಂಟರ ಹುಡುಗಿಯಾಗಿದ್ದಾಗಿನ ಬಟ್ಟೆಯ ಚೂರಿನಿಂದ ಹಿಡಿದು 1823ರವರೆಗೆ ತಾನು ಹೊಲಿಸಿಕೊಂಡ ಉಡುಪುಗಳ ತುಣುಕುಗಳನ್ನು ಒಂದು ಲೆಕ್ಕದ ಪುಸ್ತಕದಲ್ಲಿ ಸೇರಿಸುತ್ತ ಹೋದಳು. ಪ್ರತಿ ಚೂರಿಗೂ ಚೀಟಿ: ಯಾವ ಬಟ್ಟೆ, ಎಷ್ಟು ಗಜ, ಗಜಕ್ಕೆಷ್ಟು, ಏನು ಹೊಲಿಸಿದ್ದು, ಯಾವ ವರ್ಷ. ಯಾರಾದರೂ ತೀರಿಕೊಂಡಾಗ ಶೋಕಕ್ಕೆಂದು ತಂದ ಬಟ್ಟೆಯೂ ಇದೆ. ಜತೆಗೆ ಪಾಕೆಟ್ ಡೈರಿಗಳಿಂದ ಕತ್ತರಿಸಿಟ್ಟ ಫ್ಯಾಷನ್ ಚಿತ್ರಗಳು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಈ ಪುಸ್ತಕ ಹವ್ಯಾಸಿಗಳಿಗೆ ತುಂಬ ಬೇಕಾದದ್ದು. ರಾಣಿಯರ ಉಡುಪು ಚಿತ್ರಪಟಗಳಲ್ಲಿ ಸಿಗುತ್ತದೆ. ಮಧ್ಯಮ ವರ್ಗದ ಹೆಣ್ಣೊಬ್ಬಳು ವರ್ಷಕ್ಕೆ ಎಷ್ಟು ಹೊಲಿಸಿದಳು, ಎಲ್ಲಿ ಕೈ ಬಿಗಿ ಹಿಡಿದಳು ಎಂಬುದು ಇಂಥ ಕಡೆ ಮಾತ್ರ ಸಿಗುವಂಥದ್ದು.

ಬಟ್ಟೆ ಉಳಿಸುವ ಈ ಜಾಣ್ಮೆಗೆ ಗಂಡಸರ ಅಂಗಿಯನ್ನೇ ತೆಗೆದುಕೊಳ್ಳಿ. ಆ ಕಾಲದ ಲಿನನ್ ಅಂಗಿಯಲ್ಲಿ ವಾರೆ ಕತ್ತರಿಸಿದ ಒಂದು ತುಂಡೂ ಇಲ್ಲ, ಎಲ್ಲ ಚೌಕ ಮತ್ತು ಆಯತ. ಬಟ್ಟೆಯ ಪನ್ನವೇ ಅಂಗಿಯ ಅಗಲ. ಉದ್ದಕ್ಕೆ ಮಡಚಿದರೆ ಮುಂದು ಹಿಂದು ಎರಡೂ ಒಂದೇ ತುಂಡಿನಲ್ಲಿ, ಭುಜದ ಮೇಲೆ ಜೋಡಣೆಯೇ ಬೇಡ. ನಡುವೆ ಕತ್ತಿಗೊಂದು ಸೀಳು. ತೋಳು ಎರಡು ಆಯತ, ಕಾಲರ್ ಒಂದು, ಕಫ್ ಎರಡು. ಕೈ ಎತ್ತಿದರೆ ಹರಿಯಬಾರದಲ್ಲ, ಅದಕ್ಕೆ ಕಂಕುಳಲ್ಲಿ ಕರ್ಣಕ್ಕೆ ಮಡಚಿ ಕೂರಿಸಿದ ಒಂದು ಚೌಕ ತುಂಡು. ಪಕ್ಕದ ಸೀಳು ಮುಗಿಯುವಲ್ಲಿ ಬೆರಳಗಲದ ಇನ್ನೂ ಎರಡು ಚೌಕ. 1838ರಲ್ಲಿ ಲಂಡನ್ನಿನಲ್ಲಿ ಹೊರಬಂದ, ಲೇಖಕಿ ಹೆಸರು ಹಾಕಿಕೊಳ್ಳದ ‘ವರ್ಕ್‌ವುಮನ್ಸ್ ಗೈಡ್’ ಎಂಬ ಹೊಲಿಗೆ ಕೈಪಿಡಿ ಹಲವು ಅಂಗಿಗಳನ್ನು ಒಟ್ಟಿಗೆ ಕತ್ತರಿಸಿ ಬಟ್ಟೆ ಉಳಿಸುವುದನ್ನು ಹೇಳಿಕೊಡುತ್ತದೆ. ಐತಿಹಾಸಿಕ ಹೊಲಿಗೆಗೆ ಹೊಸದಾಗಿ ಕೈ ಹಾಕುವವರಿಗೆ ಹಳಬರು ಮೊದಲು ಈ ಅಂಗಿಯನ್ನೋ ಹೆಂಗಸರ ಒಳ ಅಂಗಿಯನ್ನೋ ಹೊಲಿಯಲು ಹೇಳುವುದು ಇದಕ್ಕೇ. ಕತ್ತರಿಯ ವಿದ್ಯೆ ಬೇಡ, ತಾಳ್ಮೆ ಸಾಕು.

ಭಾರತದ ಬಟ್ಟೆಗೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಕೋರಮಂಡಲ ತೀರದ ಮಚಲೀಪಟ್ಟಣದ ಸುತ್ತ ಬಣ್ಣ ಬರೆದ ಛಿಂಟು ಬಟ್ಟೆಗೆ ಇಂಗ್ಲೆಂಡಿನ ಹೆಂಗಸರು ಎಷ್ಟು ಮರುಳಾದರೆಂದರೆ, 1719ರಲ್ಲಿ ಹೊಟ್ಟೆಗೆ ಏಟು ಬಿದ್ದ ಸ್ಪಿಟಲ್‌ಫೀಲ್ಡ್ಸ್ ನೇಕಾರರು ಅದನ್ನು ಉಟ್ಟವರ ಮೈಮೇಲಿನ ಗೌನನ್ನೇ ಬೀದಿಯಲ್ಲಿ ಹರಿದು ಹಾಕಿದರು. 1721ರಲ್ಲಿ ಛಿಂಟು ತೊಡುವುದನ್ನೇ ಸಂಸತ್ತು ನಿಷೇಧಿಸಿತು. ನಿಷೇಧ ತೆರವಾದದ್ದು 1774ರಲ್ಲಿ. ಕಾನೂನಿನ ಕಾಟವಿಲ್ಲದ ಇಂದಿನ ಹವ್ಯಾಸಿಗಳು 1780ರ ಮಾದರಿಯ ಗೌನಿಗೆ ರಾಜಸ್ಥಾನದ ಅಚ್ಚು ಒತ್ತಿದ ಹತ್ತಿಬಟ್ಟೆಯನ್ನು ನೇರವಾಗಿ ತರಿಸಿಕೊಳ್ಳುತ್ತಾರೆ.

ಯಂತ್ರ ಬಂದದ್ದು ಆಮೇಲೆ. ಇಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದರು. ಕೆಲವೇ ವರ್ಷಗಳಲ್ಲಿ ಕಂತಿನ ಮೇಲೆ ಮಾರಾಟವೂ ಶುರುವಾಯಿತು. ಕೈಯಲ್ಲಿ 14 ಗಂಟೆಗೂ ಮಿಕ್ಕಿ ಹಿಡಿಯುತ್ತಿದ್ದ ಅಂಗಿ ತನ್ನ ಯಂತ್ರದಲ್ಲಿ ಒಂದೂಕಾಲು ಗಂಟೆಗೆ ಮುಗಿಯುತ್ತದೆಂದು ವೀಲರ್ ಅಂಡ್ ವಿಲ್ಸನ್ ಕಂಪನಿ ಸಾರಿತು. ಯಂತ್ರಗಳ ಬಗ್ಗೆ ಕಟುವಾಗಿದ್ದ ಗಾಂಧೀಜಿ ಕೂಡ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಸೂಜಿ ಹಿಡಿದು ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದ ಎಂದು 1924ರಲ್ಲಿ ಹೇಳಿದರು. ನಾಟಕ ಕಂಪನಿಯಲ್ಲಿ ಅಲೆದವನು, ಒಂದಕ್ಕಿಂತ ಹೆಚ್ಚು ಸಂಸಾರ ಹೂಡಿ ಇಪ್ಪತ್ತಕ್ಕೂ ಮಿಕ್ಕಿ ಮಕ್ಕಳ ತಂದೆಯಾದವನು ಆ ಸಿಂಗರ್ ಎಂದು ಯಾರೂ ಗಾಂಧೀಜಿಗೆ ಹೇಳಿರಲಿಕ್ಕಿಲ್ಲ.

ಆದರೆ ಯಂತ್ರ ಹೊಲಿಯುತ್ತದೆ, ಕತ್ತರಿಸುವುದಿಲ್ಲ. ಮೈಗೆ ಹೊಂದುವ ರವಿಕೆಯೊಂದನ್ನು ಕತ್ತರಿಸಲು ಗೊತ್ತಿಲ್ಲದವರ ಮನೆಯಲ್ಲಿ ಸಿಂಗರ್ ಯಂತ್ರ ಪರದೆ, ದಿಂಬಿನ ಚೀಲಕ್ಕಷ್ಟೇ ಸರಿ. ಆ ಕೊರತೆ ನೀಗಿದ್ದು ತೆಳು ಕಾಗದದಿಂದ. ಎಬೆನೀಜರ್ ಬಟರಿಕ್ ಮ್ಯಾಸಚೂಸೆಟ್ಸ್‌ನ ಸ್ಟರ್ಲಿಂಗ್ ಊರಿನ ದರ್ಜಿ. ಮಗುವಿನ ಫ್ರಾಕು ಕತ್ತರಿಸುತ್ತಿದ್ದ ಹೆಂಡತಿ ಎಲೆನ್, ಸೈಜಿಗೊಂದರಂತೆ ಮಾದರಿ ಸಿಕ್ಕರೆ ಎಷ್ಟು ಚೆನ್ನ ಎಂದಳಂತೆ. ಕಂಪನಿಯವರು ಹೇಳುವ ಕಥೆ ಅದು. 1863ರಲ್ಲಿ ಬಟರಿಕ್ ಮಾದರಿಗಳನ್ನು ಮಾರಲು ತೊಡಗಿದ. ಮೊದಲು ದಪ್ಪ ಕಾಗದ ಬಳಸಿ ನೋಡಿದ, ಮಡಚಿ ಅಂಚೆಗೆ ಹಾಕಲು ಬರಲಿಲ್ಲ. ಆಮೇಲೆ ಟಿಶ್ಯೂ ಕಾಗದ ಹಿಡಿದ. ಕಾಗದದ ಮಾದರಿ ಅವನೊಬ್ಬನ ಸ್ವತ್ತಲ್ಲ. ನ್ಯೂಯಾರ್ಕಿನ ಮೇಡಂ ಡೆಮರೆಸ್ಟ್ ಅವನಿಗಿಂತ ಮೊದಲೇ ಮಾರುತ್ತಿದ್ದಳು. ಆದರೆ ಅವಳದು ಒಂದೇ ಸೈಜು, ಮಿಕ್ಕದ್ದು ಕೊಂಡವರ ಹಣೆಬರಹ. ಬಟರಿಕ್ ಸೈಜುಗಳನ್ನೇ ಬೇರೆ ಬೇರೆ ಮಾಡಿ ಕೊಟ್ಟ. ದರ್ಜಿಯ ಮಗ ವರ್ಷಗಟ್ಟಲೆ ಕಲಿಯುತ್ತಿದ್ದುದು ಲಕೋಟೆಯೊಳಗೆ ಮಡಚಿಕೊಂಡು ಹಳ್ಳಿಯ ಅಂಚೆಪೆಟ್ಟಿಗೆಗೆ ಬಂದಿಳಿಯಿತು.

ಅದೇ ಹೊತ್ತಿಗೆ ಜರ್ಮನಿಯ, ಅಮೆರಿಕದ ಮಹಿಳಾ ಪತ್ರಿಕೆಗಳು ದೊಡ್ಡ ಮಡಿಕೆ ಹಾಳೆಗಳನ್ನು ಕೊಡತೊಡಗಿದ್ದವು. ಒಂದರ ಮೇಲೊಂದು ಮುದ್ರಿಸಿದ ಹತ್ತಾರು ಉಡುಪುಗಳ ಗೆರೆಗಳು. ಚುಕ್ಕಿ, ಗೀಟು, ಸರಪಳಿ ಗುರುತು ನೋಡಿಕೊಂಡು ತನಗೆ ಬೇಕಾದದ್ದನ್ನು ಹೆಕ್ಕಿ ಇನ್ನೊಂದು ಕಾಗದಕ್ಕೆ ಇಳಿಸಿಕೊಳ್ಳಬೇಕು. ಏನ್ನೆ ಬುರ್ದಾ 1950ರಲ್ಲಿ ಜರ್ಮನಿಯಿಂದ ಹೊರಡಿಸಿದ ಪತ್ರಿಕೆ ಈ ಕ್ರಮವನ್ನೇ ಮುಂದುವರಿಸಿ ಪ್ರಪಂಚದ ತುಂಬ ಹರಡಿತು. ನಡುವೆ ಯುದ್ಧ ಬಂತು. 1941ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್. ಮೊದಲ ವರ್ಷ ತಲೆಗೆ 66 ಕೂಪನ್, ಉಣ್ಣೆಯ ಒಂದು ಗೌನಿಗೇ 11 ಖರ್ಚು. ಹಳೆಯದನ್ನು ಬಿಚ್ಚಿ ಹೊಸದು ಮಾಡುವ ಬಾರ್ಬರಾ ಜಾನ್ಸನ್ ಕಾಲದ ಬುದ್ಧಿಯನ್ನು ಸರ್ಕಾರವೇ ಕಿರುಹೊತ್ತಗೆಯಾಗಿ ಅಚ್ಚು ಹಾಕಿ ಹಂಚಿತು. ರೇಷನ್ ತೆಗೆದದ್ದು 1949ರಲ್ಲಿ. ಆಮೇಲೆ ಸಿದ್ಧ ಉಡುಪು ಅಗ್ಗವಾಗುತ್ತ ಹೋದಂತೆ ಮನೆಯ ಹೊಲಿಗೆ ಉಳಿತಾಯದ ಲೆಕ್ಕದಿಂದ ಆಚೆ ಸರಿದು ಇಷ್ಟದ ಕೆಲಸವಾಯಿತು.

ಹಳೆಯ ಕಾಲದ ಉಡುಪಿನ ಹುಚ್ಚು ಹಿಡಿದದ್ದು 1960ರ ದಶಕದಲ್ಲಿ. ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವಕ್ಕೆ ಸಮವಸ್ತ್ರ ಹೊಲಿದುಕೊಂಡು ಅಣಕು ಯುದ್ಧಕ್ಕೆ ಇಳಿದವರು ಒಂದು ಕಡೆ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಮನೆಯೊಂದರ ಹಿತ್ತಿಲಲ್ಲಿ ಮಧ್ಯಯುಗದ ಕಾಳಗ, ಔತಣ ನಡೆಸಿದ ಗೆಳೆಯರ ಗುಂಪು ಇನ್ನೊಂದು ಕಡೆ. ಆ ಗುಂಪು ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’ ಎಂಬ ದೊಡ್ಡ ಸಂಘವಾಗಿ ಬೆಳೆಯಿತು. 1600ಕ್ಕಿಂತ ಹಿಂದಿನ ಉಡುಪಿನ ಪ್ರಯತ್ನವನ್ನಾದರೂ ಮಾಡದೆ ಅದರ ಮೇಳಕ್ಕೆ ಹೋಗುವಂತಿಲ್ಲ. ಆರಂಭದ ಉಡುಪುಗಳಲ್ಲಿ ಸಿನಿಮಾದ ನೆರಳೇ ಹೆಚ್ಚು. ಬೆನ್ನಿಗೆ ಜಿಪ್ ಹಾಕಿಕೊಂಡ ರಾಣಿಯರೂ ಇದ್ದರು.

ಜಿಪ್ ಬಿಡಿಸಿದವರು ಜಾನೆಟ್ ಆರ್ನಲ್ಡ್. 1932ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಈಕೆ ವಸ್ತುಸಂಗ್ರಹಾಲಯಗಳಿಗೆ ಹೋಗಿ, ಉಳಿದಿರುವ ನಿಜವಾದ ಉಡುಪುಗಳನ್ನು ಒಳಗೂ ಹೊರಗೂ ನೋಡಿ, ಅವುಗಳ ಕತ್ತರಿಕೆಯನ್ನು ಚೌಕುಳಿ ಹಾಳೆಯ ಮೇಲೆ ಎಂಟನೇ ಒಂದು ಅಳತೆಗೆ ಬರೆದರು. ಎಲ್ಲಿ ತೇಪೆ, ಎಲ್ಲಿ ತುಂಡು ಸಾಲದೆ ಜೋಡಿಸಿದ್ದು ಎಲ್ಲವೂ ನಕ್ಷೆಯಲ್ಲಿದೆ. ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’ ಮಾಲೆಯ ಮೊದಲ ಪುಸ್ತಕ 1964ರಲ್ಲಿ ಬಂತು, ಎರಡನೆಯದು 1966ರಲ್ಲಿ. 1985ರ ಮೂರನೆಯದು 1560ರಿಂದ 1620ರವರೆಗಿನ ಉಡುಪುಗಳದು. ಹವ್ಯಾಸಿಗಳ ಕಪಾಟಿನಲ್ಲಿ ಹೆಚ್ಚು ಸವೆದಿರುವ ಪುಸ್ತಕ ಇದೇ ಇರಬೇಕು. ನಾಲ್ಕು ಶತಮಾನದ ಹಿಂದೆ ಅಲ್ಸೆಗಾ ದರ್ಜಿಗಳಿಗೆಂದು ಬರೆದ ನಕ್ಷೆಗಳು, ಆರ್ನಲ್ಡ್ ನಕ್ಷೆಗಳ ಪಕ್ಕ ಇಟ್ಟು ನೋಡಿದಾಗ, ಹೊಲಿಗೆ ಕಲಿತ ಯಾರಿಗೂ ಅರ್ಥವಾಗುವಂತಾದವು.

ಆ ಮೂರನೆಯ ಪುಸ್ತಕದ ಉಡುಪುಗಳಿಗೆ ಒಂದೊಂದಕ್ಕೂ ಕಥೆಯಿದೆ. 1567ರಲ್ಲಿ ಸ್ವೀಡನ್ನಿನ ದೊರೆ ಹದಿನಾಲ್ಕನೇ ಎರಿಕ್ ಉಪ್ಸಾಲಾ ಕೋಟೆಯಲ್ಲಿ ಸರದಾರ ಸ್ವಾಂತೆ ಸ್ತೂರೆಯನ್ನೂ ಅವನ ಇಬ್ಬರು ಮಕ್ಕಳನ್ನೂ ಕೊಲ್ಲಿಸಿದ. ವಿಧವೆ ಮಾರ್ತಾ ಆ ಮೂವರು ಸಾಯುವಾಗ ತೊಟ್ಟಿದ್ದ ಬಟ್ಟೆಗಳನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದಳು. ಇರಿತದ ತೂತುಗಳ ಸಮೇತ ಅವು ಉಪ್ಸಾಲಾ ಕೆಥೆಡ್ರಲ್‌ನಲ್ಲಿವೆ. ಇನ್ನೊಂದು, 1562ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ಎಲಿಯೊನೊರಾ ದಿ ತೊಲೆದೊಳನ್ನು ಹೂಳುವಾಗ ಉಡಿಸಿದ್ದ ಸ್ಯಾಟಿನ್ ಗೌನು. ಗೋರಿಯಿಂದ ಚಿಂದಿಯಾಗಿ ಹೊರಬಂದ ಆ ಗೌನಿನ ನಕ್ಷೆ ನೋಡಿ ಹೊಲಿದ ಪ್ರತಿಗಳು ಈಗ ಎಷ್ಟು ದೇಶದ ಮೇಳಗಳಲ್ಲಿ ಓಡಾಡುತ್ತಿವೆಯೋ.

ನಕ್ಷೆ ಕೈಗೆ ಸಿಕ್ಕ ಮಾತ್ರಕ್ಕೆ ಉಡುಪು ಮೈಗೆ ಕೂರುವುದಿಲ್ಲ. ಅದನ್ನು ಎಂಟು ಪಟ್ಟು ಹಿಗ್ಗಿಸಿ ಕಾಗದಕ್ಕೆ ಇಳಿಸಬೇಕು. ಅಗ್ಗದ ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ, ಕಂಕುಳಲ್ಲಿ ಬಿಗಿದರೆ ಬಿಟ್ಟು, ಬೆನ್ನಲ್ಲಿ ಉಬ್ಬಿದರೆ ಪಿನ್ನು ಚುಚ್ಚಿ ತಿದ್ದಬೇಕು. ಅದಾದ ಮೇಲೆಯೇ ದುಬಾರಿ ಬಟ್ಟೆಗೆ ಕತ್ತರಿ. ಇಲ್ಲಿ ಹವ್ಯಾಸಿಗಳಲ್ಲೇ ಎರಡು ಪಂಗಡ. ಹೊರಗೆ ಕಾಣುವಷ್ಟು ಕೈಹೊಲಿಗೆ, ಒಳಗೆಲ್ಲ ಯಂತ್ರ ಸಾಕು ಎನ್ನುವವರು ಹೆಚ್ಚು. ಪ್ರತಿ ಹೊಲಿಗೆಯೂ ಆ ಕಾಲದ್ದೇ ಆಗಬೇಕು ಎನ್ನುವವರನ್ನು ಮಿಕ್ಕವರು ಎಳೆ ಎಣಿಸುವವರು ಎಂದು ಗೇಲಿ ಮಾಡುತ್ತಾರೆ. ಆದರೆ ಆ ಹಟವೇ ಲಂಡನ್ನಿನ ಶೇಕ್ಸ್‌ಪಿಯರ್ ಗ್ಲೋಬ್ ರಂಗಮಂದಿರದಲ್ಲಿ ವೃತ್ತಿಯಾಯಿತು. 1997ರಲ್ಲಿ ತೆರೆದ ಈ ರಂಗಮಂದಿರಕ್ಕೆ ಜೆನ್ನಿ ತಿರಮಾನಿ ಆರ್ನಲ್ಡ್ ಸಂಶೋಧನೆಯ ಬಲದಿಂದ ಹಳೆಯ ಕ್ರಮದಲ್ಲೇ ಉಡುಪು ಹೊಲಿಸಿದರು. ‘ಟ್ವೆಲ್ಫ್ತ್ ನೈಟ್’ ನಾಟಕದ ಉಡುಪುಗಳಿಗೆ 2014ರಲ್ಲಿ ಟೋನಿ ಪ್ರಶಸ್ತಿ ಬಂತು.

ಆರ್ನಲ್ಡ್ 1998ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸವನ್ನು ತಿರಮಾನಿ ಮತ್ತು ಸಂಗಡಿಗರು ಮುಂದುವರಿಸಿ, 2018ರ ಐದನೆಯ ಪುಸ್ತಕವನ್ನು ಹೆಚ್ಚಾಗಿ ಹೆಂಗಸರ ಬಿಗಿ ಕಂಚುಕಗಳಿಗೆ ಮೀಸಲಿಟ್ಟರು. ಹಳೆಯ ಕಂಚುಕಗಳಿಗೆ ಎಕ್ಸ್-ರೇ ತೆಗೆಸಿ ಒಳಗಿನ ಕಡ್ಡಿಗಳ ಸಾಲನ್ನು ಅದರಲ್ಲಿ ತೋರಿಸಿದ್ದಾರೆ. ಆ ಕಡ್ಡಿಗಳು ತಿಮಿಂಗಿಲದ ಬಾಯೊಳಗಿನ ಜಾಲರಿಯಿಂದ ಸೀಳಿದವು. ಈಗ ಅದು ಕೊಳ್ಳಲು ಸಿಗುವಂಥದ್ದಲ್ಲ. ಜರ್ಮನಿಯಲ್ಲಿ ಅದರ ಬದಲಿಗೆ ತಯಾರಾಗುವ ಪ್ಲಾಸ್ಟಿಕ್ ಪಟ್ಟಿ ಮೈಶಾಖಕ್ಕೆ ಮೆತ್ತಗಾಗಿ ತೊಟ್ಟವರ ಆಕಾರಕ್ಕೆ ಬಾಗುತ್ತದೆ, ಸಾಕಷ್ಟು ನಂಬಬಹುದಾದದ್ದು. ಅದಕ್ಕೂ ದುಡ್ಡು ಹಾಕಲು ಮನಸ್ಸಿಲ್ಲದವರು ಹಾರ್ಡ್‌ವೇರ್ ಅಂಗಡಿಗೆ ಹೋಗಿ ವೈರು ಬಿಗಿಯುವ ದಪ್ಪ ಕೇಬಲ್ ಟೈ ಕಟ್ಟು ತಂದು, ತಲೆ ಕತ್ತರಿಸಿ, ತುದಿ ಉಜ್ಜಿ ನುಣುಪು ಮಾಡಿ, ಲಿನನ್ನಿನ ಎರಡು ಪದರದ ನಡುವೆ ಒಂದೊಂದಾಗಿ ತೂರಿಸುತ್ತಾರೆ.